ಫೋನಿನಲ್ಲಿ ನೂರಾರು ಹಾಡು, ಧೂಳಯ್ಯನವರದು ಒಂದೂ ಇಲ್ಲ

ಹೋದ ಶ್ರಾವಣದಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಲಿಂಗೈಕ್ಯರಾದರು. ರಾತ್ರಿ ಅವರ ಮನೆಯ ಪಡಸಾಲೆಯಲ್ಲಿ ವಚನ ಹಾಡಲೆಂದು ಅಕ್ಕನ ಬಳಗದವರು ಹೋಗಿದ್ದೆವು. ನಾಲ್ಕೈದು ವಚನ ಆಗುವಷ್ಟರಲ್ಲಿ ಎಲ್ಲರಿಗೂ ಬಾಯಿಪಾಠವಿದ್ದದ್ದು ಮುಗಿಯಿತು. ಬಳಗದ ತಂಗಿಯೊಬ್ಬಳು ಫೋನು ತೆಗೆದು ಹೆಸರಾಂತ ಗಾಯಕರ ಹಾಡು ಹಚ್ಚಿದಳು, ನಾವು ದನಿಗೂಡಿಸಿದೆವು. ವಚನದ ನಟ್ಟನಡುವೆ ಹಾಡು ನಿಂತು, ಐದೇ ನಿಮಿಷದಲ್ಲಿ ಸಾಲ ಕೊಡುತ್ತೇವೆಂದು ಜಾಹೀರಾತಿನ ಹೆಣ್ಣುದನಿಯೊಂದು ಹುರುಪಿನಿಂದ ಹೇಳತೊಡಗಿತು. ಕ್ರಿಯಾಸಮಾಧಿಗೆ ಕಾದು ಕುಳಿತಿದ್ದ ಮಗ ಒಮ್ಮೆ ತಲೆಯೆತ್ತಿ ನೋಡಿದ. ಯಾರೂ ಏನೂ ಅನ್ನಲಿಲ್ಲ. ಆ ತಂಗಿ ಮಾತ್ರ ಮುಂದೆ ಎರಡು ವಾರ ಪ್ರಾರ್ಥನೆಗೆ ಬರಲಿಲ್ಲ.

ತಪ್ಪು ಅವಳದಲ್ಲ. ವರ್ಷಗಟ್ಟಲೆ ಹಾಡಿಕೊಂಡು ಬಂದ ನಮ್ಮ ಬಳಿ ನಮ್ಮದೇ ಆದ ಹಾಡಿನ ಗಂಟು ಇರಲಿಲ್ಲ. ಇದ್ದದ್ದು ಅಲ್ಲೊಂದು ಇಲ್ಲೊಂದು: ಅವ್ವನ ನೋಟ್‌ಬುಕ್ಕು, ವಾಟ್ಸ್‌ಆ್ಯಪಿನಲ್ಲಿ ಬಂದ ಫೋಟೊಗಳು, ಹಳೆಯ ಕ್ಯಾಸೆಟ್ಟುಗಳು, ಮಠದ ಜಾತ್ರೆಯಲ್ಲಿ ಹಂಚಿದ ಕಿರುಹೊತ್ತಿಗೆಗಳು. ಇವನ್ನೆಲ್ಲ ಒಂದು ಕಡೆ ತರಬೇಕೆಂದು ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಟಿಪ್ಪಣಿ ಆ್ಯಪ್ ಹಾಕಿಕೊಂಡೆ. ಪ್ರತಿ ಹಾಡಿಗೂ ಒಂದು ಹಾಳೆ, ಹಾಳೆಗೆ ಹೆಸರಿನ ಚೀಟಿ ಅಂಟಿಸುವ ಅನುಕೂಲ, ಜೊತೆಗೆ ಧ್ವನಿ ಸೇರಿಸುವ ಅನುಕೂಲ. ಇಷ್ಟಿದ್ದರೆ ಸಾಕು, ದುಡ್ಡು ಕೊಟ್ಟು ಕೊಳ್ಳುವ ಆ್ಯಪ್ ನಮಗೆ ಬೇಕಿಲ್ಲ.

ಫೋಟೊ ತೆಗೆದು ಹಾಕಿದರೆ ಆಯಿತಲ್ಲ ಎಂದು ಮಗ ಹೇಳಿದ. ನಾನು ಒಪ್ಪಲಿಲ್ಲ. ಫೋಟೊದೊಳಗಿನ ಅಕ್ಷರವನ್ನು ಹುಡುಕಿ ತೆಗೆಯುವುದು ಕಷ್ಟ, ತಿದ್ದಲಂತೂ ಬರುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಹಾಳೆಗಳು ಫೋನಿಗೆ ಬಂದೊಡನೆ ಅರ್ಥವಿಲ್ಲದ ಗೀಚಾಗುತ್ತವೆ, ಅವನ್ನು ಯೂನಿಕೋಡಿಗೆ ತಿರುಗಿಸಬೇಕಾಯಿತು. ಉಳಿದದ್ದನ್ನು ನಾನೇ ಟೈಪು ಮಾಡಿದೆ. ನಾಲ್ಕು ತಿಂಗಳು ಹಿಡಿಯಿತು. ಅಕ್ಷರ ಅಕ್ಷರ ಒತ್ತುವಾಗ, ಇಪ್ಪತ್ತು ವರ್ಷದಿಂದ ಹಾಡುತ್ತಿದ್ದ ಮಾತಿನ ಅರ್ಥ ನನಗೇ ಗೊತ್ತಿಲ್ಲವೆಂಬುದು ಹೊರಬಿತ್ತು.

ಪಾಠ ಸರಿಯಿದೆಯೇ ಎಂದು ನೋಡಲು ಸಮಗ್ರ ವಚನ ಸಂಪುಟ ಇದೆ. 1993ರಲ್ಲಿ ಸರ್ಕಾರ 15 ಸಂಪುಟಗಳಲ್ಲಿ ತಂದದ್ದು, ಡಾ. ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರು. ಐದನೆಯದು ಶಿವಶರಣೆಯರ ಸಂಪುಟ, ಕೊನೆಯದು ಪರಿಭಾಷಾ ಕೋಶ. ಪುಸ್ತಕ ಕೈಗೆ ಸಿಗದವರು ಅಂತರ್ಜಾಲದಲ್ಲಿ 'ವಚನ ಸಂಚಯ' ತೆರೆದು ಒಂದು ಪದ ಕೊಟ್ಟರೆ, ಆ ಪದವಿರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ಹೀಗೆ ತಾಳೆ ನೋಡುವಾಗ ನಮ್ಮ ಬಳಗದಲ್ಲಿ ಬಹಳ ಮೆಚ್ಚುಗೆಯಾದ ಒಂದು 'ಬಸವಣ್ಣನ ವಚನ' ಎಲ್ಲಿಯೂ ಸಿಗಲಿಲ್ಲ. ಈಗಿನವರು ಯಾರೋ ಬರೆದು ಕೊನೆಗೆ ಕೂಡಲಸಂಗಮದೇವ ಎಂದು ಸೇರಿಸಿದ್ದರು. ಒಳ್ಳೆಯ ಮಾತೇ, ಆದರೆ ಅಪ್ಪನ ಮಾತಲ್ಲ. ಅದನ್ನು ತೆಗೆದುಹಾಕಲು ಹೊಟ್ಟೆ ಉರಿಯಿತು.

ಇನ್ನೊಂದು ಸಂಗತಿ ಮಲ್ಲಿಕಾರ್ಜುನನದು. ಅವ್ವನ ನೋಟ್‌ಬುಕ್ಕಿನಲ್ಲಿ ಎರಡು ವಚನಗಳ ಕೊನೆಗೆ ಬರೀ 'ಮಲ್ಲಿಕಾರ್ಜುನ' ಎಂದಿತ್ತು. ಎರಡನ್ನೂ ಅಕ್ಕನವೆಂದೇ ಹಾಡುತ್ತಿದ್ದೆವು. ಹುಡುಕಿದರೆ ಒಂದು ಸಿದ್ಧರಾಮೇಶ್ವರರದು, ಕಪಿಲಸಿದ್ಧಮಲ್ಲಿಕಾರ್ಜುನ. ಮತ್ತೊಂದು ಮೋಳಿಗೆಯ ಮಾರಯ್ಯನವರದು, ನಿಃಕಳಂಕಮಲ್ಲಿಕಾರ್ಜುನ. ತಾಳಕ್ಕೆ ಕೂಡುವುದಿಲ್ಲವೆಂದು ಯಾವ ಕಾಲದಲ್ಲೋ ಯಾರೋ ಅಂಕಿತದ ಮುಂದಲೆ ಕತ್ತರಿಸಿದ್ದಾರೆ. ವಚನದ ಅಂಕಿತ ಬದಲಿಸಿದ ಪುಸ್ತಕದ ಪ್ರಕರಣ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ನಾವು ಎಷ್ಟು ವಾದ ಮಾಡಿದೆವು! ನಮ್ಮದೇ ಬಾಯಲ್ಲಿ ವಾರವಾರ ಅಂಕಿತ ಮುರಿಯುತ್ತಿದ್ದದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.

ಎಲ್ಲ ಮುಗಿದ ಮೇಲೆ ಪ್ರತಿ ಹಾಳೆಗೂ ಶರಣರ ಹೆಸರಿನ ಚೀಟಿ ಅಂಟಿಸಿ, ಯಾರವು ಎಷ್ಟು ಎಂದು ಎಣಿಸಿದೆ. ಒಟ್ಟು 118. ಬಸವಣ್ಣನವರವು 52. ಅಕ್ಕನವು 31. ಅಲ್ಲಮಪ್ರಭುಗಳವು 9. ನಿಜಗುಣರು, ಸರ್ಪಭೂಷಣರು, ಶರೀಫರು ಇವರೆಲ್ಲರ ಪದಗಳು ಸೇರಿ 17. ಉಳಿದ ಶರಣಸಂಕುಲಕ್ಕೆಲ್ಲ ಒಂಬತ್ತೇ ಒಂಬತ್ತು: ಸಿದ್ಧರಾಮರವು ಮೂರು, ಜೇಡರ ದಾಸಿಮಯ್ಯನವರವು ಎರಡು, ಚೆನ್ನಬಸವಣ್ಣನವರದು, ಮೋಳಿಗೆಯ ಮಾರಯ್ಯನವರದು, ಅಂಬಿಗರ ಚೌಡಯ್ಯನವರದು, ಆಯ್ದಕ್ಕಿ ಲಕ್ಕಮ್ಮನವರದು ಒಂದೊಂದು. ಮಾದಾರ ಧೂಳಯ್ಯನವರದು ಒಂದೂ ಇಲ್ಲ. ಉರಿಲಿಂಗಪೆದ್ದಿಗಳದಿಲ್ಲ, ಅವರ ಮಡದಿ ಕಾಳವ್ವೆಯದಿಲ್ಲ. ಸೂಳೆ ಸಂಕವ್ವೆಯವರದು ನಮಗೆ ಉಳಿದು ಬಂದದ್ದೇ ಒಂದು ವಚನ, ಅದನ್ನು ನಮ್ಮ ಊರಿನಲ್ಲಿ ಯಾರೂ ಹಾಡಿದ್ದು ನಾನು ಕೇಳಿಲ್ಲ.

ವೇದಿಕೆಯ ಮೇಲೆ ನಿಂತಾಗ ನಾವು ಹೇಳುವುದೇನು? ಅನುಭವ ಮಂಟಪದಲ್ಲಿ ಸಮಗಾರ, ಮಡಿವಾಳ, ಅಂಬಿಗ, ಅಕ್ಕಿ ಆಯುವವಳು ಎಲ್ಲರೂ ಸಮ ಕುಳಿತರು ಎಂದು. ಕೆಳಗಿಳಿದು ಹಾರ್ಮೋನಿಯಂ ಮುಂದೆ ಕುಳಿತಾಗ ಅವರನ್ನೆಲ್ಲ ಹೊರಗೆ ಕೂರಿಸುತ್ತೇವೆ. ಬೇಕೆಂದು ಮಾಡಿದ್ದಲ್ಲ ಎಂಬುದು ನಿಜ. ದೊಡ್ಡ ಗಾಯಕರು ಹಾಡಿದ್ದು ಕ್ಯಾಸೆಟ್ಟಾಯಿತು, ಕ್ಯಾಸೆಟ್ಟಾದದ್ದು ನಮ್ಮ ನೋಟ್‌ಬುಕ್ಕಿಗೆ ಬಂತು, ನೋಟ್‌ಬುಕ್ಕಿನದು ಈಗ ಫೋನಿಗೆ. ಹಳಕಟ್ಟಿಯವರು ಮನೆಮನೆಯ ತಾಡೋಲೆ ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಅದಾಗಿ ನೂರು ವರ್ಷ ದಾಟಿದ ಮೇಲೂ ಅಚ್ಚಾದದ್ದೆಲ್ಲ ನಮ್ಮ ಕಿವಿಗೆ ಬಿದ್ದಿಲ್ಲ.

ಈ ಎಣಿಕೆಯನ್ನು ಬಳಗದಲ್ಲಿ ಓದಿ ಹೇಳಿದಾಗ ಒಬ್ಬ ಹಿರಿಯಕ್ಕ, "ಅಕ್ಕಾರ, ಆ ಚೌಡಯ್ಯನ ಬೈಗುಳಕ್ಕ ರಾಗ ಎಲ್ಲಿ ಕೂಡತೈತ್ರಿ?" ಎಂದರು. ಎಲ್ಲರೂ ನಕ್ಕರು. ಆದರೆ ಯಾವ ವಚನ ತಾನೇ ರಾಗ ಹಚ್ಚಿಕೊಂಡು ಹುಟ್ಟಿದೆ? ಸ್ವರವಚನಗಳ ಮಾತು ಬೇರೆ, ಅವು ಹಾಡಲೆಂದೇ ಕಟ್ಟಿದವು. ಮಿಕ್ಕ ವಚನಗಳಿಗೆ ರಾಗ ಕೂಡಿಸಿದವರು ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರಂಥ ಹಿರಿಯರು. ಅಕ್ಕನ ವಚನಕ್ಕೆ ರಾಗ ಕೂಡುವುದಾದರೆ ಧೂಳಯ್ಯನವರದಕ್ಕೂ ಕೂಡುತ್ತದೆ. ಕೂಡದಿದ್ದರೆ ಶ್ರುತಿಯ ಮೇಲೆ ಓದಿದರೂ ಆಯಿತು. ಬೈಗುಳವೂ ಕೇಳಬೇಕಾದ ಬೈಗುಳವೇ.

ಇನ್ನು ಅಭ್ಯಾಸದ ಮಾತು. ಕೂಡಿಹಾಕಿದ್ದು ಫೋನಿನಲ್ಲೇ ಉಳಿದರೆ ಅದು ಬೀಗ ಹಾಕಿದ ಪೆಟ್ಟಿಗೆ. ಆ್ಯಪಿನಲ್ಲಿ ನಾನು ಮತ್ತೆ ಮೂರು ಬಗೆಯ ಚೀಟಿ ಮಾಡಿದ್ದೇನೆ: 'ಬಾಯಿಪಾಠ', 'ನೋಡಿದರೆ ಬರುತ್ತದೆ', 'ಹೊಸದು'. ಬೆಳಿಗ್ಗೆ ಇಷ್ಟಲಿಂಗ ಪೂಜೆಯಾದ ಮೇಲೆ ಕಾಲು ಗಂಟೆ, ಒಂದೊಂದರಿಂದ ಒಂದು ವಚನ. ಬಾಯಿಪಾಠದ್ದನ್ನೂ ಬಿಡುವಂತಿಲ್ಲ, ಮೂರು ತಿಂಗಳು ಮುಟ್ಟದಿದ್ದರೆ ನಡುವಿನ ಸಾಲು ಮೊದಲು ಮಾಯವಾಗುತ್ತದೆ. ಹೊಸದನ್ನು ಮೊದಲು ಮೂರು ಸಲ ಮಾತಿನಂತೆ ಓದುತ್ತೇನೆ. ಅರ್ಥ ಎಲ್ಲಿ ನಿಲ್ಲುತ್ತದೋ ಉಸಿರೂ ಅಲ್ಲಿ ನಿಲ್ಲಬೇಕು. ಆಮೇಲೆ ತಂಬೂರಿ ಆ್ಯಪ್ ಹಚ್ಚಿ ನನ್ನ ಶ್ರುತಿ ಕರಿ ನಾಲ್ಕಕ್ಕೆ ಇಟ್ಟುಕೊಂಡು ಹಾಡಿ, ಆ ಹಾಳೆಗೇ ಧ್ವನಿ ಸೇರಿಸಿ ಕೇಳುತ್ತೇನೆ. ಮೊದಲ ಸಲ ನನ್ನ ದನಿ ಕೇಳಿದಾಗ ನಾಚಿಕೆಯಾಯಿತು. ಪದದ ನಡುವೆಯೇ ಉಸಿರು ಎಳೆಯುತ್ತಿದ್ದೆ, ವಚನ ಎರಡು ಹೋಳಾಗುತ್ತಿತ್ತು. ಇಷ್ಟು ವರ್ಷ ಇದನ್ನು ಯಾರೂ ನನಗೆ ಹೇಳಿರಲಿಲ್ಲ, ಅಕ್ಕಾರು ಎಂಬ ಮರ್ಯಾದೆಗೆ.

ದೊಡ್ಡವರ ಧ್ವನಿಮುದ್ರಿಕೆಯ ಹಿಂದೆ ಹಿಂದೆ ಹಾಡಿ ಕಲಿಯುವುದನ್ನು ನಾನು ಬಿಟ್ಟಿದ್ದೇನೆ. ಅವರ ಶ್ರುತಿ ನಮ್ಮದಲ್ಲ, ಅವರ ತಾನು ನಮ್ಮ ಗಂಟಲಿಗೆ ಹತ್ತುವುದಿಲ್ಲ. ಎಷ್ಟೋ ಹಾಡುಗಳಲ್ಲಿ ಮೊದಲ ಸಾಲೇ ಹತ್ತು ಸಲ ತಿರುಗುತ್ತದೆ, ವಚನದ ಅರ್ಧ ಭಾಗ ಬಿಟ್ಟೇ ಹೋಗಿರುತ್ತದೆ. ಕಚೇರಿಗೆ ಅದು ಸರಿ, ಪ್ರಾರ್ಥನೆಗೆ ಪೂರ್ತಿ ವಚನ ಬೇಕು.

ನಮ್ಮ ಬಳಗದಲ್ಲಿ ಈಗ ಒಂದು ನೇಮ ಮಾಡಿಕೊಂಡಿದ್ದೇವೆ: ಫೋನು ಮನೆಯ ಅಭ್ಯಾಸಕ್ಕೆ, ಸಾಮೂಹಿಕ ಪ್ರಾರ್ಥನೆಯಲ್ಲಿ ಅದು ಚೀಲದೊಳಗೆ. ಎಲ್ಲರೂ ತಲೆ ತಗ್ಗಿಸಿ ಪರದೆ ನೋಡುತ್ತ ಹಾಡಿದರೆ ಒಬ್ಬರ ದನಿ ಒಬ್ಬರಿಗೆ ಸಿಗುವುದಿಲ್ಲ. ಕಣ್ಣು ಮಂದವಾದ ಇಬ್ಬರು ಹಿರಿಯರಿಗೆ ಮಾತ್ರ ವಿನಾಯಿತಿ ಇದೆ. ಅಕ್ಷರ ದೊಡ್ಡದು ಮಾಡಿಕೊಂಡು, ನೋಟ್‌ಬುಕ್ಕಿನಲ್ಲಿ ಓದಲಾಗದೆ ಬಿಟ್ಟಿದ್ದ ವಚನಗಳನ್ನು ಅವರು ಮತ್ತೆ ಹಾಡತೊಡಗಿದ್ದಾರೆ.

ಮಠಗಳ ಪೂಜ್ಯರಲ್ಲಿ, ಬಸವ ಕೇಂದ್ರಗಳ ಹಿರಿಯರಲ್ಲಿ ನನ್ನದು ಒಂದೇ ಬಿನ್ನಹ. ಬಳಗಬಳಗವೂ ಬೇರೆ ಬೇರೆ ಟೈಪು ಮಾಡುತ್ತ ಕೂರುವುದು ಬೇಡ. ಒಂದೊಂದು ಮಠ ಇಪ್ಪತ್ತು ವಚನ ಹಂಚಿಕೊಂಡು, ಪಾಠ ತಿದ್ದಿ, ಅಂಕಿತ ಪೂರ್ತಿಯಿಟ್ಟು, ಕಠಿಣ ಪದಕ್ಕೆ ಅರ್ಥ ಬರೆದು, ಯೂನಿಕೋಡಿನಲ್ಲಿ ಹಂಚಲಿ. ಸಂಕೀರ್ಣ ವಚನ ಸಂಪುಟಗಳಿಂದಲೇ ಶುರು ಮಾಡಲಿ, ಯಾರೂ ಹಾಡದವರು ಇರುವುದು ಅಲ್ಲಿಯೇ.

ಈ ಶ್ರಾವಣಕ್ಕೆ ನಾವು ಶರಣರನ್ನು ಹಂಚಿಕೊಂಡಿದ್ದೇವೆ. ಕಾಳವ್ವೆಯವರನ್ನು ನಾನು ತೆಗೆದುಕೊಂಡೆ. ಚೌಡಯ್ಯನವರು ರಾಗ ಕೂಡುವುದಿಲ್ಲವೆಂದ ಹಿರಿಯಕ್ಕನ ಪಾಲಿಗೇ ಬಂದರು. ಧೂಳಯ್ಯನವರನ್ನು ಆ ರಾತ್ರಿ ಫೋನು ಹಚ್ಚಿದ್ದ ತಂಗಿ ತಾನಾಗಿ ಕೇಳಿ ಪಡೆದಳು. ಹೋದ ಸೋಮವಾರ ಒಂದು ವಚನ ಹಾಡಿದಳು, ಫೋನು ಚೀಲದೊಳಗಿತ್ತು. ಮೂರನೆಯ ಸಾಲಿನಲ್ಲಿ ಮರೆತು ನಿಂತಳು, ಮತ್ತೆ ಮೊದಲಿನಿಂದ ಶುರು ಮಾಡಿದಳು.