‘ಉಂಡು ಮಲಗೋ ತನಕ’ ಮುಗಿಯದ ಹಿಂಸೆ: ಮುಂಬೈನ ಆಸ್ಪತ್ರೆಗಳು ತೆರೆದ ದಾರಿ ಯಾವುದು?

“ಬಾತ್‌ರೂಮಿನಲ್ಲಿ ಜಾರಿ ಬಿದ್ದೆ.” ಯಾವುದೇ ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದ ನರ್ಸ್ ಒಬ್ಬರನ್ನು ಕೇಳಿ ನೋಡಿ, ಈ ಮಾತನ್ನು ಅವರು ಎಷ್ಟು ಸಲ ಕೇಳಿದ್ದಾರೋ ಅವರಿಗೇ ಲೆಕ್ಕ ಸಿಗುವುದಿಲ್ಲ. ಜಾರಿ ಬಿದ್ದವರಿಗೆ ಮೊಣಕಾಲು, ಅಂಗೈ, ಮೊಣಕೈಗೆ ಪೆಟ್ಟಾಗುತ್ತದೆ. ಆದರೆ ಈ ಹೆಣ್ಣುಮಗಳಿಗೆ ಪೆಟ್ಟಾಗಿರುವುದು ಕಣ್ಣಿನ ಸುತ್ತ, ಬೆನ್ನಿಗೆ, ತೋಳಿನ ಒಳಭಾಗಕ್ಕೆ. ಪಕ್ಕದಲ್ಲಿ ನಿಂತ ಗಂಡನೇ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಾನೆ. ಡ್ರೆಸ್ಸಿಂಗ್ ಆಗುತ್ತದೆ, ನೋವಿನ ಮಾತ್ರೆ ಸಿಗುತ್ತದೆ, ಆಕೆ ಅದೇ ಮನೆಗೆ ಮರಳುತ್ತಾಳೆ.

ಆ ಹತ್ತು ನಿಮಿಷದಲ್ಲಿ ಆಸ್ಪತ್ರೆ ಇನ್ನೇನಾದರೂ ಮಾಡಬಹುದಿತ್ತೇ? ಈ ಪ್ರಶ್ನೆಗೆ ಮುಂಬೈ ನಗರ ಸುಮಾರು ಕಾಲು ಶತಮಾನದ ಹಿಂದೆಯೇ ಒಂದು ಉತ್ತರ ಕಂಡುಕೊಂಡಿತು. ಅದನ್ನು ನೀವು ತಿಳಿದಿರುವುದು ಒಳ್ಳೆಯದು. ನಿಮಗಲ್ಲದಿದ್ದರೂ ನಿಮ್ಮ ಪಕ್ಕದ ಖೋಲಿಯವರಿಗೆ, ನಿಮ್ಮ ತಂಗಿಗೆ, ನಿಮ್ಮ ಮನೆಗೆಲಸದ ಅಕ್ಕನಿಗೆ ಅದು ಬೇಕಾಗಬಹುದು.

ಸಮಸ್ಯೆ ಎಷ್ಟು ದೊಡ್ಡದು?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 29.3ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಮಹಾರಾಷ್ಟ್ರದಲ್ಲಿ ಈ ಪ್ರಮಾಣ ಸುಮಾರು ಶೇ. 25. ನಮ್ಮ ಕರ್ನಾಟಕದಲ್ಲಿ ಶೇ. 44ಕ್ಕೂ ಹೆಚ್ಚು.

ಇದಕ್ಕಿಂತ ಚಿಂತೆಯ ಸಂಗತಿ ಇನ್ನೊಂದಿದೆ. ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಶೇ. 14ರಷ್ಟು ಮಾತ್ರ. ಶೇ. 77ರಷ್ಟು ಮಂದಿ ಸಹಾಯವನ್ನೂ ಕೇಳಿಲ್ಲ, ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ” ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಜಗಳಕ್ಕೆ ಆ ಮಾತು ಸರಿ ಇರಬಹುದು, ಹೊಡೆತಕ್ಕೆ ಅಲ್ಲ.

ಯಾರ ಬಳಿಯೂ ಹೇಳದ ಹೆಣ್ಣುಮಗಳೂ ಒಂದಲ್ಲ ಒಂದು ದಿನ ಆಸ್ಪತ್ರೆಗೆ ಬರುತ್ತಾಳೆ. ಗಾಯಕ್ಕೆ ಬರದಿದ್ದರೆ ಹೆರಿಗೆಗೆ, ಮಗುವಿನ ಲಸಿಕೆಗೆ, ಕಾರಣ ತಿಳಿಯದ ಹೊಟ್ಟೆನೋವಿಗೆ, ನಿದ್ದೆ ಬಾರದ್ದಕ್ಕೆ ಬರುತ್ತಾಳೆ. ಸಂಗಾತಿಯ ಹಿಂಸೆಗೆ ಒಳಗಾದವರಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು, ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಶೇ. 16ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿದೆ. ಪೊಲೀಸ್ ಠಾಣೆಗೆ ಹೋಗಲು ಹೆದರುವವಳು ಒಪಿಡಿಗೆ ಹೋಗಲು ಹೆದರುವುದಿಲ್ಲ, ಮನೆಯವರೂ ತಡೆಯುವುದು ಕಡಿಮೆ. ಈ ಸರಳ ಸತ್ಯದ ಮೇಲೆಯೇ ಮುಂಬೈನ ಪ್ರಯೋಗ ನಿಂತಿದೆ.

‘ದಿಲಾಸಾ’ ಎಂದರೇನು?

2000ದಲ್ಲಿ ಮುಂಬೈ ಮಹಾನಗರ ಪಾಲಿಕೆಯ ಆರೋಗ್ಯ ಇಲಾಖೆ ಮತ್ತು ‘ಸೆಹತ್’ ಎಂಬ ಸಂಶೋಧನಾ ಸಂಸ್ಥೆ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಕೇಂದ್ರ ಆರಂಭಿಸಿದವು. ದಿಲಾಸಾ ಎಂದರೆ ಸಾಂತ್ವನ, ಭರವಸೆ. ಸಾರ್ವಜನಿಕ ಆಸ್ಪತ್ರೆಯೊಳಗೇ ಕೌಟುಂಬಿಕ ಹಿಂಸೆಗೆ ನೆರವು ನೀಡುವ ದೇಶದ ಮೊದಲ ಕೇಂದ್ರ ಇದು. ನಂತರ ಕುರ್ಲಾದ ಭಾಭಾ ಆಸ್ಪತ್ರೆಗೂ, ಮುಂದೆ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಅಡಿಯಲ್ಲಿ ನಗರದ ಇತರ ಆಸ್ಪತ್ರೆಗಳಿಗೂ ವಿಸ್ತರಿಸಿ 11 ಕಡೆ ಇಂಥ ಕೇಂದ್ರಗಳಾದವು.

ಇಲ್ಲಿ ಏನಾಗುತ್ತದೆ? ವೈದ್ಯರು, ನರ್ಸ್‌ಗಳು, ವಾರ್ಡ್ ಸಿಬ್ಬಂದಿಗೆ ಹಿಂಸೆಯ ಗುರುತು ಹಿಡಿಯಲು ತರಬೇತಿ ಕೊಡಲಾಗುತ್ತದೆ. ಅನುಮಾನ ಬಂದರೆ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಆಕೆಯೊಬ್ಬಳ ಹತ್ತಿರವೇ ಮಾತನಾಡುತ್ತಾರೆ. ಆಕೆ ಒಪ್ಪಿದರೆ ಅದೇ ಆಸ್ಪತ್ರೆಯಲ್ಲಿರುವ ಆಪ್ತ ಸಮಾಲೋಚಕರ ಬಳಿಗೆ ಕಳಿಸುತ್ತಾರೆ. ಅಂದು ಮನೆಗೆ ಹೋಗುವುದು ಅಪಾಯ ಎನಿಸಿದರೆ ಒಂದೆರಡು ದಿನ ವಾರ್ಡ್‌ನಲ್ಲೇ ದಾಖಲು ಮಾಡಿಕೊಂಡು ಉಸಿರಾಡಲು ಜಾಗ ಕೊಡುವ ವ್ಯವಸ್ಥೆಯೂ ಇದೆ.

ಒಂದು ಮುಖ್ಯ ವಿಷಯ: ಸಮಾಲೋಚಕರು “ಗಂಡನನ್ನು ಬಿಟ್ಟು ಬಾ” ಎಂದೂ ಹೇಳುವುದಿಲ್ಲ, “ಹೊಂದಿಕೊಂಡು ಹೋಗು” ಎಂದೂ ಹೇಳುವುದಿಲ್ಲ. ಹಿಂಸೆಗೆ ಆಕೆ ಕಾರಣಳಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತಾರೆ, ಅಪಾಯ ಎಷ್ಟಿದೆ ಎಂದು ಜೊತೆಯಲ್ಲಿ ಕೂತು ಅಳೆಯುತ್ತಾರೆ, ಇರುವ ದಾರಿಗಳನ್ನು ತೋರಿಸುತ್ತಾರೆ. ಯಾವ ದಾರಿ ಹಿಡಿಯಬೇಕು, ಯಾವಾಗ ಎನ್ನುವುದು ಆಕೆಯ ನಿರ್ಧಾರ.

ಆಸ್ಪತ್ರೆಯ ಒಂದು ಕಾಗದಕ್ಕೆ ಅಷ್ಟೊಂದು ಬೆಲೆ ಏಕೆ?

ಮನೆಯೊಳಗಿನ ಹಿಂಸೆಗೆ ಸಾಕ್ಷಿಗಳಿರುವುದಿಲ್ಲ. ಗಾಯ ಎಲ್ಲಿದೆ, ಎಷ್ಟು ದೊಡ್ಡದು, ಯಾರು ಮಾಡಿದ್ದು ಎಂದು ಆಕೆ ಹೇಳಿದಳು ಎಂಬುದನ್ನು ವೈದ್ಯರು ಅಂದೇ ಬರೆದಿಟ್ಟರೆ ಅದೇ ಸಾಕ್ಷಿ. ಎರಡು ವರ್ಷದ ನಂತರ ಕೋರ್ಟಿಗೆ ಹೋದರೂ ಅದು ಉಪಯೋಗಕ್ಕೆ ಬರುತ್ತದೆ.

2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ (ಜಾರಿಯಾದದ್ದು 2006ರ ಅಕ್ಟೋಬರ್ 26) ಆಸ್ಪತ್ರೆಗಳಿಗೂ ಹೊಣೆ ಹೊರಿಸಿದೆ. ನೆರವು ಕೇಳಿದರೆ ಚಿಕಿತ್ಸೆ ಕೊಡಲೇಬೇಕು, ದೂರು ದಾಖಲಾಗಿಲ್ಲ ಎಂಬ ನೆಪ ಹೇಳುವಂತಿಲ್ಲ. ವೈದ್ಯಕೀಯ ಪರೀಕ್ಷಾ ವರದಿಯ ಪ್ರತಿಯನ್ನು ಆಕೆಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ, ಮನೆಯಲ್ಲಿಡಲು ಭಯವಿದ್ದರೆ ನಂಬಿಕಸ್ಥರ ಬಳಿ ಇಡಿ.

ಈ ಕೊಂಡಿ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಮುಂಬೈ ಹೊರವಲಯದ ವಸಾಯಿಯಲ್ಲೇ ಉದಾಹರಣೆಯಿದೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಯುವತಿಯೊಬ್ಬರು, ಜೊತೆಗಾರ ತನ್ನನ್ನು ಹೊಡೆಯುತ್ತಾನೆ, ಕೊಂದು ತುಂಡು ಮಾಡುವುದಾಗಿ ಬೆದರಿಸುತ್ತಾನೆ ಎಂದು ಪೊಲೀಸರಿಗೆ ಬರೆದುಕೊಟ್ಟಿದ್ದರು. ಮುಂದಿನ ತಿಂಗಳು ಬೆನ್ನುನೋವಿಗೆಂದು ಆಸ್ಪತ್ರೆಗೂ ಸೇರಿದ್ದರು. ನಂತರ ಜಗಳವಿಲ್ಲ ಎಂದು ದೂರು ಹಿಂಪಡೆದರು. 2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಅವರ ಕೊಲೆಯಾಯಿತು. ಆರೋಪಿ ಅದೇ ಜೊತೆಗಾರ. ಠಾಣೆ ಮತ್ತು ಆಸ್ಪತ್ರೆ, ಎರಡೂ ಬಾಗಿಲುಗಳನ್ನು ಅವರು ತಟ್ಟಿದ್ದರು ಎಂಬುದನ್ನು ಗಮನಿಸಿ. ದೂರು ಹಿಂಪಡೆದರೆ ಅಪಾಯ ಮುಗಿಯಿತು ಎಂದರ್ಥವಲ್ಲ. ಎಷ್ಟೋ ಸಲ ಅಪಾಯವೇ ದೂರು ಹಿಂಪಡೆಯುವಂತೆ ಮಾಡುತ್ತದೆ.

ಕಾನೂನು ಏನು ಕೊಡುತ್ತದೆ?

“ಕೇಸ್ ಹಾಕಿದರೆ ಗಂಡ ಜೈಲಿಗೆ ಹೋಗುತ್ತಾನೆ, ಮಕ್ಕಳ ಗತಿ?” ಎಂದು ಹಿಂಜರಿಯುವವರು ಬಹಳ. 2005ರ ಕಾಯ್ದೆಯ ಉದ್ದೇಶ ಜೈಲಲ್ಲ, ರಕ್ಷಣೆ. (ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಹಳೆಯ 498ಎ ಕಲಂ ಬೇರೆ. ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ.) 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಮುಂದೆ ನೀವು ಕೇಳಬಹುದಾದದ್ದು ಇವು:

• ಹೊಡೆಯಬಾರದು, ಕೆಲಸದ ಜಾಗಕ್ಕೆ ಬಂದು ಕಾಡಬಾರದು ಎಂಬ ರಕ್ಷಣಾ ಆದೇಶ. ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
• ಮನೆಯಲ್ಲಿ ವಾಸಿಸುವ ಹಕ್ಕು. ಮನೆ ನಿಮ್ಮ ಹೆಸರಿನಲ್ಲಿ ಇರಬೇಕಿಲ್ಲ. ಅತ್ತೆ–ಮಾವನ ಹೆಸರಿನಲ್ಲಿರುವ ಮನೆಯೂ ‘ಕೂಡಿ ಬಾಳಿದ ಮನೆ’ ಆಗಬಹುದು ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿರುವುದು ಕಷ್ಟವಾದರೆ ಬೇರೆ ಮನೆ, ಅಥವಾ ಅದರ ಬಾಡಿಗೆ ಕೇಳಬಹುದು. ಒಂದು ಖೋಲಿಗೂ ದೊಡ್ಡ ಡಿಪಾಸಿಟ್ ಕೇಳುವ ಮುಂಬೈಯಲ್ಲಿ ಇದು ಸಣ್ಣ ವಿಷಯವಲ್ಲ.
• ಜೀವನಾಂಶ, ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಬಳ, ನಿಮ್ಮ ಒಡವೆ–ವಸ್ತು, ಮಕ್ಕಳ ತಾತ್ಕಾಲಿಕ ಪಾಲನೆ.

ಹೆಂಡತಿ ಮಾತ್ರವಲ್ಲ, ಜೊತೆಯಲ್ಲಿ ಬಾಳಿದ ಸಂಗಾತಿ, ತಾಯಿ, ಸಹೋದರಿ ಕೂಡ ಅರ್ಜಿ ಹಾಕಬಹುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಮುಂಬೈ ಕನ್ನಡಿಗರಿಗೆ ಬೇರೆ ಕಷ್ಟಗಳಿವೆಯೇ?

ಇವೆ. ಉಡುಪಿ, ಮಂಗಳೂರು, ಕಲಬುರಗಿ, ವಿಜಯಪುರ ಕಡೆಯಿಂದ ಮದುವೆಯಾಗಿ ಭಾಂಡುಪ್, ಡೊಂಬಿವಲಿ, ಧಾರಾವಿಗೆ ಬಂದವಳಿಗೆ ತವರು ಒಂದು ರಾತ್ರಿಯ ರೈಲಿನ ದೂರದಲ್ಲಿದೆ. ಮರಾಠಿ–ಹಿಂದಿ ಅರೆಬರೆ. ಊರಿಗೆ ಫೋನ್ ಮಾಡಿದರೆ “ಸ್ವಲ್ಪ ತಾಳಿಕೋ ಮಗಾ” ಎಂಬ ಉತ್ತರ. ಸಮಾಜದ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದೂ ಉಂಟು. ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹೊಡೆದವನ ಎದುರಿನಲ್ಲೇ ಕೂತು ಹೊಡೆತದ ಕತೆ ಹೇಳು ಎಂದರೆ ಆಕೆ ಪೂರ್ತಿ ಹೇಳಲಾರಳು. ಹೇಳಿದರೆ ಅಂದು ರಾತ್ರಿ ಅದರ ಬೆಲೆ ತೆರಬೇಕಾಗುತ್ತದೆ.

ಇಂಥವರಿಗೆ ಕಾಯ್ದೆಯ 27ನೇ ಕಲಂ ಉಪಯುಕ್ತ. ತವರಿಗೆ ಮರಳಿ ಬಂದಿದ್ದರೆ, ತಾತ್ಕಾಲಿಕವಾಗಿ ಇದ್ದರೂ ಸರಿ, ಉಡುಪಿಯಲ್ಲೋ ಕಲಬುರಗಿಯಲ್ಲೋ ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಆದೇಶ ದೇಶದಾದ್ಯಂತ, ಅಂದರೆ ಮುಂಬೈಯಲ್ಲೂ ಜಾರಿಯಾಗುತ್ತದೆ.

ದಾರಿ ಉದ್ದವೆಂಬುದಕ್ಕೂ, ಕೊನೆ ಮುಟ್ಟಬಹುದೆಂಬುದಕ್ಕೂ ಕರಾವಳಿಗೆ ಪರಿಚಿತರೇ ಒಬ್ಬರ ಬದುಕು ನಿದರ್ಶನ. ಮಂಗಳೂರಿನ ಕದ್ರಿಯಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ಮದುವೆಯಾಗಿ ಮುಂಬೈಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಸೆ ಅನುಭವಿಸಿದರು. 1980ರ ಹೊತ್ತಿಗೆ ಮಹಿಳಾ ಚಳವಳಿಯ ಗೆಳತಿಯರು ಸಿಕ್ಕರು. ಮದುವೆಯಾದಾಗ ಶಾಲೆಯ ಓದಷ್ಟೇ ಇದ್ದ ಅವರು ಮತ್ತೆ ಓದಿ ವಕೀಲೆಯಾದರು. ಆಮೇಲೆ ‘ಮಜ್ಲಿಸ್’ ಕಾನೂನು ಕೇಂದ್ರ ಕಟ್ಟಿ ಮುಂಬೈನ ಸಾವಿರಾರು ಹೆಣ್ಣುಮಕ್ಕಳ ಪರ ನಿಂತರು. ತಮ್ಮ ಕತೆಯನ್ನು ತಾವೇ ಬರೆದಿದ್ದಾರೆ ಕೂಡ.

ಎಲ್ಲ ಸರಿಯಿದೆಯೇ?

ಇಲ್ಲ. ಆಸ್ಪತ್ರೆ ಮೊದಲ ಮೆಟ್ಟಿಲು ಮಾತ್ರ. ಎರಡನೇ ಮೆಟ್ಟಿಲಲ್ಲಿ ಸಂರಕ್ಷಣಾಧಿಕಾರಿ, ಮೂರನೆಯದರಲ್ಲಿ ಆಶ್ರಯ ಗೃಹ ಇರಬೇಕು. ಅನೇಕ ಕಡೆ ಬೇರೆ ಹತ್ತು ಕೆಲಸಗಳಿರುವ ಅಧಿಕಾರಿಗೇ ಈ ಹೊಣೆಯನ್ನೂ ಅಂಟಿಸಲಾಗಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎಂದು ಕಾಯ್ದೆ ಹೇಳಿದರೂ ಕೋರ್ಟಿಗೆ ಅಲೆದವರಿಗೆ ವಾಸ್ತವ ಗೊತ್ತು. ಕಾಯ್ದೆ ಬಂದು ಸುಮಾರು ಎರಡು ದಶಕವಾದ ಮೇಲೆ, 2025ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವು ಜಿಲ್ಲೆ–ತಾಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ನೇಮಿಸಿ ಎಂದು ರಾಜ್ಯಗಳಿಗೆ ಆದೇಶಿಸಬೇಕಾಯಿತು. ವ್ಯವಸ್ಥೆ ಎಷ್ಟು ಹಿಂದುಳಿದಿದೆ ಎನ್ನಲು ಇದೇ ಸಾಕು.

ಸ್ವಾವಲಂಬನೆಯ ಮಾತೂ ಹೀಗೆಯೇ. ಆಶ್ರಯ ಗೃಹದಲ್ಲಿ ಕೆಲವು ತಿಂಗಳು ಇರಬಹುದು, ಆಮೇಲೆ? ಬಾಡಿಗೆ, ಕೆಲಸ, ಮಕ್ಕಳ ಶಾಲೆ, ತನ್ನದೇ ಬ್ಯಾಂಕ್ ಖಾತೆ ಇಲ್ಲದಿದ್ದರೆ ಆಕೆ ಮರಳುವುದು ಅದೇ ಮನೆಗೆ. ಮರಳಿದವಳನ್ನು “ಹೇಳಿದ್ದು ಕೇಳಲಿಲ್ಲ” ಎಂದು ದೂರುವ ಮೊದಲು, ಬೇರೆ ದಾರಿ ಇತ್ತೇ ಎಂದು ಯೋಚಿಸಿ.

ನೀವು ಹಿಂಸೆಯಲ್ಲಿದ್ದರೆ

• ಕುತ್ತಿಗೆ ಹಿಚುಕಿದ್ದರೆ, ಹೊರಗೆ ಗುರುತು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ದನಿ ಗೊಗ್ಗರಾಗುವುದು, ನುಂಗಲು–ಉಸಿರಾಡಲು ಕಷ್ಟ, ಕಣ್ಣಲ್ಲಿ ಕೆಂಪು ಚುಕ್ಕೆ ಅಪಾಯದ ಲಕ್ಷಣಗಳು. ಮುಂದೆ ಪ್ರಾಣಕ್ಕೇ ಕುತ್ತು ಬರಬಹುದು ಎಂಬುದರ ಬಲವಾದ ಸೂಚನೆಯೂ ಹೌದು.
• ಆಸ್ಪತ್ರೆಯಲ್ಲಿ “ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು” ಎನ್ನಿ. ಕಾರಣ ಹೇಳಬೇಕಿಲ್ಲ.
• ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರದ ಪ್ರತಿಗಳು, ಸ್ವಲ್ಪ ದುಡ್ಡು, ನಿತ್ಯದ ಔಷಧಿ ಬೇರೆಯವರ ಮನೆಯಲ್ಲಿರಲಿ.
• ಮನೆ ಬಿಡುವ ಸಮಯವೇ ಹೆಚ್ಚು ಅಪಾಯದ್ದು. “ಹೋಗ್ತೀನಿ” ಎಂದು ಜಗಳದ ಮಧ್ಯೆ ಹೇಳಬೇಡಿ. ಮೊದಲು ಸಮಾಲೋಚಕರ ಜೊತೆ ಯೋಜನೆ ಮಾಡಿಕೊಳ್ಳಿ.
• ಫೋನಿನ ಕಾಲ್ ಪಟ್ಟಿ ಅಳಿಸಿ, ಅಥವಾ ಗೆಳತಿಯ ಫೋನ್ ಬಳಸಿ.

ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮುಂಬೈ ಪೊಲೀಸರ ಮಹಿಳಾ ಸಹಾಯವಾಣಿ 103, ಉಚಿತ ಕಾನೂನು ನೆರವಿಗೆ 15100, ಮನಸ್ಸಿನ ನೆರವಿಗೆ ಟೆಲಿ ಮಾನಸ್ 14416. ಪೊಲೀಸ್ ವ್ಯವಸ್ಥೆಯೊಳಗೇ ಸಮಾಜ ಕಾರ್ಯಕರ್ತೆಯರು ಕೂತು ಕೆಲಸ ಮಾಡುವ ‘ವಿಶೇಷ ಘಟಕ’ವನ್ನು ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬೈ ಪೊಲೀಸ್ ಕಮಿಷನರ್ ಕಚೇರಿಯಲ್ಲೇ ಆರಂಭಿಸಿತು. ಅಲ್ಲಿಗೂ ಹೋಗಬಹುದು.

ನೀವು ನೆರೆಯವರಾಗಿದ್ದರೆ

ಧಾರಾವಿಯಂಥ ಬಸ್ತಿಗಳಲ್ಲಿ ‘ಸ್ನೇಹಾ’ ಸಂಸ್ಥೆಯ ‘ಸಂಗಿನಿ’ಯರು ಮಾಡುವುದು ನಾವೆಲ್ಲರೂ ಮಾಡಬಹುದಾದ ಕೆಲಸ. ಅವರು ಅದೇ ಗಲ್ಲಿಯ ಹೆಣ್ಣುಮಕ್ಕಳು. ಗುರುತಿಸುತ್ತಾರೆ, ಕೇಳುತ್ತಾರೆ, ನೆರವಿನ ಜಾಗಕ್ಕೆ ಜೊತೆಯಾಗುತ್ತಾರೆ. ನೀವೂ ಆಕೆ ಒಬ್ಬಳೇ ಸಿಕ್ಕಾಗ, “ಅಕ್ಕಾ, ಮನೆಯಲ್ಲಿ ಯಾರಾದರೂ ಕೈ ಮಾಡ್ತಾರಾ? ನನ್ನ ಹತ್ರ ಹೇಳಬಹುದು, ನಾನು ಯಾರಿಗೂ ಹೇಳಲ್ಲ” ಎಂದು ಕೇಳಿ. “ಯಾಕೆ ಸಹಿಸ್ಕೊಂಡಿದ್ದೀರಿ?” ಎಂದು ಕೇಳಬೇಡಿ. ಗಂಡನ ಬಳಿ ಬುದ್ಧಿ ಹೇಳಲು ಹೋಗಬೇಡಿ, ಅದರ ಏಟು ಬೀಳುವುದು ಆಕೆಗೆ. ಜೀವಕ್ಕೆ ಅಪಾಯ ಕಂಡರೆ 112ಕ್ಕೆ ಕರೆ ಮಾಡಿ. ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ಆಗದು ಎಂದು ಕಾಯ್ದೆಯ 4ನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಆಕೆ ಇಂದು ಏನನ್ನೂ ಹೇಳದಿರಬಹುದು. ಆದರೆ ಕೇಳುವವರು ಒಬ್ಬರಿದ್ದಾರೆ ಎಂಬುದು ಆಕೆಗೆ ಗೊತ್ತಾಗಿರುತ್ತದೆ. ಮುಂದಿನ ಸಲ “ಬಾತ್‌ರೂಮಿನಲ್ಲಿ ಜಾರಿ ಬಿದ್ದೆ” ಎನ್ನುವ ಬದಲು ಆಕೆ ನಿಜ ಹೇಳಬಹುದು. ಸುರಕ್ಷತೆಯ ದಾರಿ ಅಲ್ಲಿಂದ ಶುರುವಾಗುತ್ತದೆ.