ಹಿತ್ತಿಲ ಮಾತು: ಕರೆಯದೆ ಬಂದ ಕೋಳಿ

ಕೋಪರಿಯಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ನೆಲದಂತಸ್ತಿನ ಅವರ ಮನೆಯ ಹಿಂದೆ ತುಸು ಜಾಗ, ಅದರಲ್ಲಿ ಆರು ಕೋಳಿ. ಒಂದು ವಾರದಿಂದ ಎಲ್ಲಿಯದೋ ಒಂದು ಕಂದು ಹೇಂಟೆ ಬೆಳಗಾಗುತ್ತಲೇ ಬಂದು ಇವರ ಕೋಳಿಗಳೊಡನೆ ಕಾಳು ಹೆಕ್ಕುತ್ತದಂತೆ. ಸಂಜೆಯಾದರೆ ಗೂಡಿಗೂ ನುಗ್ಗಲು ನೋಡುತ್ತದಂತೆ. ಅತ್ತೆಯವರು, "ಮನೆಗೆ ಬಂದ ಲಕ್ಷ್ಮಿ, ಓಡಿಸಬೇಡ" ಎನ್ನುತ್ತಾರೆ. ಯಜಮಾನರು ಭಾನುವಾರದ ಸಾರಿನ ಲೆಕ್ಕದಲ್ಲಿದ್ದಾರೆ. ಏನು ಮಾಡಲಿ ಎಂಬುದು ಸೋದರಿಯ ಪ್ರಶ್ನೆ.

ಸದ್ಯಕ್ಕೆ ಇಬ್ಬರ ಮಾತೂ ಬೇಡ. ಆ ಹೇಂಟೆಯನ್ನು ಮೊದಲು ಬೇರೆ ಮಾಡಿರಿ. ನೋಡಲು ಗಟ್ಟಿಮುಟ್ಟಾಗಿದೆ ಎಂಬುದು ಸಾಲದು. ನಮ್ಮ ಕಡೆ ಕೊಕ್ಕರೆ ರೋಗ, ಇಲ್ಲಿಯವರ ಬಾಯಲ್ಲಿ ಮಾನಮೋಡಿ ಎನಿಸಿಕೊಳ್ಳುವ ಜಾಡ್ಯವು ಹೊಕ್ಕ ಕೆಲವು ದಿನ ಹೊರಗೆ ತೋರುವುದೇ ಇಲ್ಲ. ಆಮೇಲೆ ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು; ಲಸಿಕೆಯಿಲ್ಲದ ಗೂಡು ನಾಲ್ಕಾರು ದಿನಗಳಲ್ಲಿ ಬರಿದಾಗುವುದುಂಟು. ಮೈಮೇಲಿನ ಹೇನು, ಕಾಲಿಗೆ ಹುರುಪೆ ಎಬ್ಬಿಸುವ ನುಸಿ ಇವು ಬೇರೆ.

ಹಕ್ಕಿಜ್ವರದ ಮಾತನ್ನಂತೂ ಕೋಪರಿಯವರಿಗೆ ಹೇಳಬೇಕಾಗಿಲ್ಲ. 2006ರಲ್ಲಿ ನಂದುರಬಾರ ಜಿಲ್ಲೆಯ ನವಾಪುರದಲ್ಲಿ ದೇಶಕ್ಕೇ ಮೊದಲಾಗಿ ಕಂಡ ರೋಗ, 2022ರಲ್ಲಿ ಶಹಾಪುರ ತಾಲೂಕಿಗೆ ಬಂತು. 2025ರ ಜನವರಿಯಲ್ಲಿ ಉರಣದ ಚಿರನೇರ್‌ನಲ್ಲಿಯೂ ನಮ್ಮ ಕೋಪರಿಯಲ್ಲಿಯೂ ಕಂಡಿತು. ಒಂದು ಕಡೆ ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನ ಸಾಕುಕೋಳಿಗಳನ್ನೆಲ್ಲ ಕೊಲ್ಲುವುದು ಸರಕಾರದ ಕ್ರಮ. ಪರಿಹಾರ ಕೊಡುತ್ತಾರೆ, ನಿಜ. ಆದರೆ ಮಕ್ಕಳು ಹೆಸರಿಟ್ಟು ಕರೆಯುವ ಕೋಳಿಗೆ ಪರಿಹಾರವೆಂದರೆ ಏನು?

ಆದುದರಿಂದ ಹೇಂಟೆಯನ್ನು ಪಂಜರದಲ್ಲಿಟ್ಟು, ನಿಮ್ಮ ಗೂಡಿನಿಂದ ಸಾಧ್ಯವಾದಷ್ಟು ದೂರದ ಮೂಲೆಯಲ್ಲಿ ಇರಿಸಿರಿ. ನೀರಿನ ಬಟ್ಟಲು ಬೇರೆ, ಕಾಳಿನ ತಟ್ಟೆ ಬೇರೆ. ದಿನವೂ ನಿಮ್ಮ ಕೋಳಿಗಳ ಕೆಲಸ ಮುಗಿಸಿದ ಮೇಲೆಯೇ ಅದರ ಬಳಿಗೆ ಹೋಗತಕ್ಕದ್ದು. ಬಂದು ಕೈಯನ್ನೂ ಚಪ್ಪಲಿಯನ್ನೂ ಸಾಬೂನಿನಿಂದ ತೊಳೆಯತಕ್ಕದ್ದು. ಹೀಗೆ ನಾಲ್ಕು ವಾರ. ಅಂಗಳದಲ್ಲಿ ಕಾಳು ಎರಚುವುದನ್ನೂ ನಿಲ್ಲಿಸಿರಿ. ಚೆಲ್ಲಿದ ಕಾಳಿಗೆ ಪಾರಿವಾಳ, ಕಾಗೆ, ಇಲಿ ಎಲ್ಲವೂ ನೆಂಟರೇ.

ಈ ನಡುವೆ ಒಡೆಯರನ್ನು ಹುಡುಕಬೇಕು. ಬಿಳಿಯ, ಭಾರದ, ನಡೆಯಲಾರದ ಕೋಳಿಯಾಗಿದ್ದರೆ ಟೆಂಪೋದಿಂದ ಬಿದ್ದ ಬ್ರಾಯ್ಲರ್ ಎನ್ನಬಹುದಿತ್ತು. ಕಂದು ಹೇಂಟೆಯೆಂದರೆ ಹಳೆಯ ಊರಿನ ಯಾರದೋ ಗಾವಠಿ ಕೋಳಿಯೇ ಇದ್ದೀತು. ನಾಲ್ಕು ಮನೆಗೆ ಹೋಗಿ, "ಹೀ ಕೋಂಬಡೀ ಕೋಣಾಚೀ?" ಎಂದು ಕೇಳಲು ಸಂಕೋಚವೇಕೆ? ಸಿಕ್ಕಿದ್ದೆಲ್ಲ ನಮ್ಮದೆನ್ನಲು ಕಾನೂನೂ ಒಪ್ಪದು. ಕಾನೂನಿಗಿಂತ ದೊಡ್ಡ ಮಾತು ಇನ್ನೊಂದಿದೆ. ಆ ಹೇಂಟೆಯನ್ನು ಸಾಕಿದ ಮಾವಶಿ ಅದನ್ನು ಹುಡುಕುತ್ತ ಬರುವ ಹೊತ್ತಿಗೆ ನಮ್ಮ ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ, ಗಲ್ಲಿಯಲ್ಲಿ ಹಬ್ಬುವುದು ಯಜಮಾನರ ಹೆಸರಲ್ಲ, "ಆ ಕನ್ನಡದವರು" ಎಂಬುದು. ಇಷ್ಟು ವರ್ಷ ಹಬ್ಬಕ್ಕೆ ಹೋಳಿಗೆ ಕೊಟ್ಟು ಪಡೆದ ನೆರೆಹೊರೆ ಒಂದು ಕೋಳಿಗಾಗಿ ಕೆಡಬಾರದು.

ಒಡೆಯರು ಸಿಕ್ಕದೆ, ನಾಲ್ಕು ವಾರ ಆರೋಗ್ಯವಾಗಿಯೂ ಉಳಿದರೆ ಸಾಕಿಕೊಳ್ಳಿರಿ. ಜಾಲರಿಯ ಆಚೆ ಈಚೆ ಕೆಲವು ದಿನ ಇಟ್ಟು, ಒಂದು ರಾತ್ರಿ ಗೂಡಿಗೆ ಸೇರಿಸಿರಿ. ಬೆಳಿಗ್ಗೆ ಕುಕ್ಕಾಟ ನಡೆದೇ ನಡೆಯುತ್ತದೆ. ರಕ್ತ ಬಾರದಿದ್ದರೆ ಅಡ್ಡ ಹೋಗಬೇಡಿರಿ. ತಟ್ಟೆ ಎರಡಿರಲಿ. ಹುಂಜವಾಗಿದ್ದರೆ ನನ್ನ ಸಲಹೆ ಬೇರೆ: ನಾಲ್ಕು ಗಂಟೆಯ ಕೂಗಿಗೆ ಸೊಸೈಟಿಯವರು ಕಾಗದ ಬರೆಯುವ ಮೊದಲೇ ಜಾಗವಿರುವವರಿಗೆ ಕೊಟ್ಟುಬಿಡಿ.

ಪಂಜರದಲ್ಲಿಯೇ ಸತ್ತರೆ ಬರಿಗೈಯಿಂದ ಮುಟ್ಟಬಾರದು, ನಾಲೆಗೆ ಎಸೆಯಬಾರದು. ಪಶುವೈದ್ಯ ಸೇವೆಯ 1962ಕ್ಕೆ ಫೋನು ಮಾಡಿರಿ.

ಇನ್ನು, ಪಂಜರದಲ್ಲಿ ಇಟ್ಟ ಮೊಟ್ಟೆ ಯಾರದು ಎಂದೂ ಸೋದರಿ ಕೇಳಿದ್ದಾರೆ. ಒಡತಿ ಬಂದರೆ, ಕೋಳಿಯ ಜೊತೆಗೆ ಮೊಟ್ಟೆಯನ್ನೂ ಕೊಟ್ಟುಬಿಡಿ.