ಬ್ಯಾಟರಿ ಕೊಟ್ಟ ಕರೆಂಟಿಗೆ ಯೂನಿಟ್‌ಗೆಷ್ಟು?

ಯುಪಿಎಸ್ ಬ್ಯಾಟರಿ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಎರಡು ಲೆಕ್ಕ: 150 ಎಎಚ್, 36+24. ಇವನ್ನು ಬಿಡಿಸಿ ನೋಡದೆ ಚೌಕಾಸಿಗೆ ಇಳಿದು ಪ್ರಯೋಜನವಿಲ್ಲ.

12 ವೋಲ್ಟಿನ 150 ಎಎಚ್ ಎಂದರೆ 1.8 ಯೂನಿಟ್. ಟ್ಯೂಬುಲರ್ ಬ್ಯಾಟರಿಯನ್ನು ಪ್ರತಿ ಸಲವೂ ಪೂರ್ತಿ ಬರಿದು ಮಾಡಿದರೆ ಬೇಗ ಕೂತುಬಿಡುತ್ತದೆ. ಬಾಳಿಕೆ ಬೇಕೆಂದರೆ ಅರ್ಧಕ್ಕೇ ನಿಲ್ಲಿಸಬೇಕು. ಕೈಗೆ ಬಂದದ್ದು 0.9 ಯೂನಿಟ್. ಬೆಲೆ 15,000 ರೂಪಾಯಿ, ಹೀಗೆ 1,200 ಸಲ ಬಳಸಿದಿರಿ ಎಂದಿಟ್ಟುಕೊಳ್ಳಿ. ಒಟ್ಟು 1,080 ಯೂನಿಟ್, ಅಂದರೆ ಯೂನಿಟ್‌ಗೆ ಹದಿನಾಲ್ಕು ರೂಪಾಯಿ. ಚಾರ್ಜ್ ಮಾಡಿದ ಕರೆಂಟು, ಡಿಸ್ಟಿಲ್ಡ್ ವಾಟರ್ ಖರ್ಚು ಬೇರೆ. ಎಸ್ಕಾಂ ಕರೆಂಟಿಗೆ ಆರು ರೂಪಾಯಿ ಆಸುಪಾಸು. ಗೃಹಜ್ಯೋತಿ ಮನೆಗಳಿಗೆ ಅದೂ ಇಲ್ಲ.

ಆ 1,200 ಸಲ ಎಂಬುದೇ ಧಾರಾಳದ ಲೆಕ್ಕ. ಕರೆಂಟ್ ಅಪರೂಪಕ್ಕೆ ಹೋಗುವ ಬಡಾವಣೆಯಲ್ಲಿ ಐದು ವರ್ಷಕ್ಕೆ 300 ಸಲ ಬಳಸಿದರೆ ಹೆಚ್ಚು. ಬಳಸಲಿ ಬಿಡಲಿ, ಬ್ಯಾಟರಿಗೆ ವಯಸ್ಸಾಗುತ್ತದೆ. ಆಗ ಯೂನಿಟ್‌ಗೆ 55 ರೂಪಾಯಿ ದಾಟಿತು!

36+24 ಎಂದರೆ ಅರವತ್ತು ತಿಂಗಳ ಭರವಸೆಯಲ್ಲ. ಮೊದಲ 36 ತಿಂಗಳೊಳಗೆ ಕೆಟ್ಟರೆ ಹೊಸದು ಕೊಡುತ್ತಾರೆ. ಉಳಿದ 24ರಲ್ಲಿ ಹೊಸ ಬ್ಯಾಟರಿಯ ಎಂಆರ್‌ಪಿ ಮೇಲೆ ರಿಯಾಯಿತಿ ಅಷ್ಟೆ. ಎಂಆರ್‌ಪಿಗೆ ಬ್ಯಾಟರಿ ಕೊಂಡವರನ್ನು ನಾನಂತೂ ಕಂಡಿಲ್ಲ.

ಲಿಥಿಯಂಗೆ ದುಡ್ಡು ಜಾಸ್ತಿ. ಆದರೆ ಶೇ 80ಕ್ಕೂ ಹೆಚ್ಚು ಬಳಸಬಹುದು, ಸಾವಿರಾರು ಸಲ ತಡೆಯುತ್ತದೆ, ನೀರು ಹಾಕುವ ಗೋಜಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೀಸದ ಬ್ಯಾಟರಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಈಗ ಎರಡಕ್ಕೂ ಒಂದೇ ತೆರಿಗೆ. ದಿನವೂ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿಗೆ ಲಿಥಿಯಂ ಸರಿ; ವಾರಕ್ಕೊಮ್ಮೆ ಹೋಗುವಲ್ಲಿ ಆ ಸಾವಿರಾರು ಸಲ ಕಾಗದದ ಮೇಲೇ ಉಳಿಯುತ್ತವೆ.

ಸೋಲಾರ್ ಮಾರುವವರು 'ಬ್ಯಾಟರಿಯಿಂದ ಬಿಲ್ ಉಳಿತಾಯ' ಎನ್ನುವುದನ್ನು ನಂಬಬೇಡಿ. ನೆಟ್ ಮೀಟರ್ ಇದ್ದರೆ ಹೆಚ್ಚಾದ ಕರೆಂಟನ್ನು ಗ್ರಿಡ್ಡೇ ತೆಗೆದುಕೊಳ್ಳುತ್ತದೆ. ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ 3 ಕಿಲೋವ್ಯಾಟಿನ ಫಲಕಗಳಿಗೆ, ಬ್ಯಾಟರಿಗಲ್ಲ. ಹಾಗೆಂದು ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ, ಸುಡು ಬಿಸಿಲಲ್ಲೂ!

ಆದ್ದರಿಂದ ಬ್ಯಾಟರಿ ಕೊಳ್ಳುವುದು ಕತ್ತಲೆಗೆ ಮಾತ್ರ. ಆಷಾಢದ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಮಲೆನಾಡಿನ ಮನೆಯಲ್ಲಿ 55 ರೂಪಾಯಿಯನ್ನು ಯಾರೂ ದುಬಾರಿ ಎನ್ನುವುದಿಲ್ಲ. ಅಲ್ಲೂ ಎರಡನೇ ಬ್ಯಾಟರಿಗೆ ಮುನ್ನ ಫ್ಯಾನ್ ನೋಡಿ. ಹಳೇ ಫ್ಯಾನಿಗೆ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನಿಗೆ 30. ಎರಡು ಫ್ಯಾನ್, ನಾಲ್ಕು ಎಲ್ಇಡಿ ಬಲ್ಬ್, ವೈಫೈಗೆ ನಾಲ್ಕು ಗಂಟೆ ಬರುವ ಬ್ಯಾಟರಿ, ಫ್ಯಾನ್ ಬದಲಿಸಿದರೆ ಏಳು ಗಂಟೆಯವರೆಗೂ ಬರುತ್ತದೆ.